ಅಧ್ಯಕ್ಷೆಯ ಬಾಯಲ್ಲಿ ಗುಂಡುಸೂಜಿ

ಗುಂಡಿಯಕ್ಕ ಮಾರುಕಟ್ಟೆಯ ಅಧ್ಯಕ್ಷೆಯಾದದ್ದು ಬಾಯಿ ಬಿಡದೆ ಇದ್ದುದರಿಂದ. ಬಾಯಿ ಬಿಡದೆ ಇದ್ದುದಕ್ಕೆ ಕಾರಣ ವಿನಯವಲ್ಲ, ಗುಂಡುಸೂಜಿ. ಹೊಲಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಯುವುದು ಅವಳ ಕಸುಬು. ಪ್ಯಾಂಟಿನ ಉದ್ದ ಮೊಟಕು ಮಾಡುವುದು, ಕೋಟಿನ ಸೊಂಟ ಸಡಿಲಿಸುವುದು, ಜಿಪ್ಪು ಬದಲಾಯಿಸುವುದು. ಗಿರಾಕಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅವಳು ನೆಲದಲ್ಲಿ ಮಂಡಿಯೂರಿ ಕೂತರೆ ತುಟಿಗಳ ನಡುವೆ ಒಂದು ಸಾಲು ಗುಂಡುಸೂಜಿ ನೆಟ್ಟಗೆ ನಿಂತಿರುತ್ತಿತ್ತು. ಆಗ ಯಾರು ಏನು ಕೇಳಿದರೂ ಅವಳ ಉತ್ತರ "ಹ್ಞೂಂ". ಸೊಂಟ ಎರಡು ಇಂಚು ಬೆಳೆದಿದೆ ಎಂದು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕಾದ ಕಷ್ಟವೂ ಇದರಿಂದ ತಪ್ಪಿತ್ತು. ವರ್ಷಗಟ್ಟಲೆ ಈ "ಹ್ಞೂಂ" ಕೇಳಿದ ಮಾರುಕಟ್ಟೆಯವರು, ಈ ಹೆಂಗಸು ಎಲ್ಲದಕ್ಕೂ ಹ್ಞೂಂಗುಟ್ಟುವವಳು ಎಂದು ನಂಬಿಬಿಟ್ಟರು. ಮನೆಯಲ್ಲಿ ಸೂಜಿ ತೆಗೆದಿಟ್ಟ ಮೇಲೆ ಅವಳ ಮಾತು ಕೇಳಿದ್ದವರು ಅತ್ತೆ ಒಬ್ಬರೇ.

ಬಿದ್ದುಹೋದ ಗುಂಡಿಯನ್ನು ಅವಳು ಯಾರಿಗೇ ಆದರೂ ಬಿಟ್ಟಿಯಾಗಿ ಹಾಕಿಕೊಡುತ್ತಿದ್ದುದರಿಂದ ಈ ಹೆಸರು. ಇಲ್ಲಿ ಗುಂಡಿ ಎಂದರೆ ಅಂಗಿಯದು. ರಸ್ತೆಯ ಗುಂಡಿಗೆ ನಗರಸಭೆ ಇದೆ, ಅದೂ ಅವನ್ನು ಬಿಟ್ಟಿಯಾಗಿಯೇ ಕೊಡುತ್ತದೆ.

ಗಂಡ ದೂರದ ಲಾರಿ ಓಡಿಸುತ್ತಾನೆ. ಮನೆಗೆ ಬಂದಾಗಲೆಲ್ಲ ಚಪ್ಪಲಿ ಎಲ್ಲಿಡಬೇಕೆಂದು ಕೇಳುವಷ್ಟು ಅತಿಥಿ. ಮನೆ ನಡೆಸಿದವರು ಅತ್ತೆ ಸೊಸೆ. ಅತ್ತೆ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿ ನಿವೃತ್ತರಾದವರು. ಓಣಿಯ ಅರ್ಧ ಜನರನ್ನು ಒಮ್ಮೆಯಾದರೂ ಬೆಂಚಿನ ಮೇಲೆ ನಿಲ್ಲಿಸಿದ್ದಾರೆ. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ, ಮನೆಯಲ್ಲಿ ಕೂತು ಬೇಜಾರಾಗುತ್ತದೆ ಎಂದಾಗ, ಮಂಚದ ಕೆಳಗಿದ್ದ ಹಳೆಯ ಹೊಲಿಗೆ ಯಂತ್ರವನ್ನು ಎಳೆದು ಕೊಟ್ಟವರೂ ಅವರೇ. "ಬೇಜಾರನ್ನ ಹೊಲಿದು ಹಾಕು" ಎಂದಿದ್ದರು. ಅಂದಿನಿಂದ ಗುಂಡಿಯಕ್ಕ ಮಾರುಕಟ್ಟೆಯ ಮಧ್ಯದ ಸಾಲಿನಲ್ಲಿ, ಕೊಡೆ ಅಂಗಡಿಗೂ ಗಡಿಯಾರದ ಅಂಗಡಿಗೂ ನಡುವೆ, ಮೊಣಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಜಾಗದಲ್ಲಿ ಕೂತಿದ್ದಾಳೆ.

ಮಾರುಕಟ್ಟೆ ಎಂದರೆ ತಗಡಿನ ಎತ್ತರದ ಮಾಡಿನ ಕೆಳಗೆ ನಾಲ್ಕು ಸಾಲು ಅಂಗಡಿ. ಅದಕ್ಕೊಂದು ವರ್ತಕರ ಸಂಘ. ಸಂಘಕ್ಕೊಂದು ನಿಯಮಾವಳಿ. ಸಂಘ ಶುರುವಾದಾಗ ನಿಯಮಾವಳಿ ಬರೆಯುವ ಕೆಲಸ ಪುಸ್ತಕದಂಗಡಿಯ ಮುದುಕನ ತಲೆಗೆ ಬಿತ್ತು. ಅವನಿಗೆ ಪುರುಸೊತ್ತಿಲ್ಲ. ಕಪಾಟಿನಲ್ಲಿ ಮಾರಾಟವಾಗದೆ ಉಳಿದಿದ್ದ ದೇಶದ ಸಂವಿಧಾನದ ಪ್ರತಿಯೊಂದನ್ನು ತೆಗೆದು, 'ದೇಶ' ಎಂದಿದ್ದಲ್ಲಿ 'ಮಾರುಕಟ್ಟೆ' ಎಂದೂ, 'ಪ್ರಧಾನಿ' ಎಂದಿದ್ದಲ್ಲಿ 'ಕಾರ್ಯದರ್ಶಿ' ಎಂದೂ, 'ಮಂತ್ರಿಮಂಡಲ' ಎಂದಿದ್ದಲ್ಲಿ 'ಸಮಿತಿ' ಎಂದೂ, 'ರಾಷ್ಟ್ರಪತಿ' ಎಂದಿದ್ದಲ್ಲಿ 'ಅಧ್ಯಕ್ಷರು' ಎಂದೂ ತಿದ್ದಿ ಅಚ್ಚಿಗೆ ಕೊಟ್ಟುಬಿಟ್ಟ. ಹೀಗಾಗಿ ನಮ್ಮ ಮಾರುಕಟ್ಟೆಯ ಅಧ್ಯಕ್ಷರು ಭೂಸೇನೆ, ನೌಕಾಸೇನೆ ಮತ್ತು ವಾಯುಸೇನೆಗಳ ಮಹಾದಂಡನಾಯಕರು. ಭೂಸೇನೆ ಎಂದರೆ ಸೀಟಿ ಹಿಡಿದ ವಾಚ್‌ಮನ್ ತಾತ. ನೌಕಾಸೇನೆಯೂ ಅವನೇ, ಮಳೆ ಬಂದಾಗ ಬಕೆಟ್ ಹಿಡಿಯುತ್ತಾನೆ. ವಾಯುಸೇನೆ ಮಾಡಿನ ಪಾರಿವಾಳಗಳು, ಯಾರ ಆಜ್ಞೆಗೂ ಕಾಯದೆ ಬಾಂಬು ಹಾಕುತ್ತವೆ. ಎಲ್ಲ ಅಂಗಡಿಗೂ ನಿಯಮಾವಳಿಯ ಒಂದೊಂದು ಪ್ರತಿ ಕೊಟ್ಟಿದ್ದರು. ಹೆಚ್ಚಿನವು ಕುಂಟು ಮೇಜುಗಳ ಕಾಲಡಿಯಲ್ಲಿ ದೇಶಸೇವೆ ಮಾಡುತ್ತಿದ್ದವು.

ಗುಂಡಿಯಕ್ಕನಿಗಿಂತ ಮುಂಚೆ ಅಧ್ಯಕ್ಷನಾಗಿದ್ದವನು ಪಕ್ಕದ ಗಡಿಯಾರದಜ್ಜ. ಕಣ್ಣು ಮಂಜಾಗಿ ಬಿಟ್ಟುಕೊಟ್ಟ. ಅಧಿಕಾರ ಹಸ್ತಾಂತರ ಎಂದರೆ ಒಂದು ತಗಡಿನ ಡಬ್ಬಿ, ಅದರಲ್ಲಿ ಒಂದು ರಬ್ಬರ್ ಸ್ಟಾಂಪು, ಒಂದು ಇಂಕ್ ಪ್ಯಾಡು.

"ಪ್ಯಾಡು ಒಣಗಿದ್ರೆ ಎರಡು ಹನಿ ನೀರು ಹಾಕಿ ಸ್ವಲ್ಪ ಕಾಯಬೇಕು ಮಗಳೇ" ಎಂದ ಅಜ್ಜ. "ಅಷ್ಟೇನೇ ಅಧಿಕಾರ."

ಅವಳನ್ನು ಆರಿಸಿದವನು ಕಾರ್ಯದರ್ಶಿ. ಮುಂದಿನ ಸಾಲಿನಲ್ಲಿ ಅವನದು ದೀಪದಂಗಡಿ. ತೂಗುದೀಪ, ಗೋಡೆದೀಪ, ಮಿಣುಕುದೀಪ. ಹಗಲಲ್ಲೂ ಎಲ್ಲ ಉರಿಯುತ್ತಿದ್ದುದರಿಂದ ಅವನ ಮುಖಕ್ಕೆ ಸದಾ ಒಂದು ತೇಜಸ್ಸು. ಕೆಟ್ಟವನಲ್ಲ. ಸೋರುವ ಮಾಡು ರಿಪೇರಿ ಮಾಡಿಸಿದವನು, ಹೆಂಗಸರಿಗೆ ಶೌಚಾಲಯ ಕಟ್ಟಿಸಿದವನು ಅವನೇ. ಆದರೆ ಸಭೆ ಎಂದರೆ ಅವನಿಗೆ ಅಲರ್ಜಿ. ಸಮಿತಿಯಲ್ಲಿ ಅವನೂ ಸೇರಿ ಒಂಬತ್ತು ಜನ. ಒಂಬತ್ತೂ ಜನ ಒಟ್ಟಿಗೆ ಅಂಗಡಿ ಬಿಟ್ಟು ಬರುವುದು ಯಾರಿಂದಾದೀತು? ಅದಕ್ಕೆ ಅವನೊಂದು ಪದ್ಧತಿ ಮಾಡಿದ್ದ. ಮಧ್ಯಾಹ್ನದ ಟೀ ಆದ ಮೇಲೆ ರಟ್ಟಿಗೆ ಕ್ಲಿಪ್ ಹಾಕಿದ ಕಾಗದ ಹಿಡಿದು ಸಾಲುಗಳಲ್ಲಿ ಒಂದು ಸುತ್ತು ಬರುವುದು. ಮಾಂಸದಂಗಡಿಯವನು ಏಪ್ರನ್ನಿಗೆ ಕೈ ಒರೆಸಿ ಸಹಿ ಹಾಕುವನು, ಹೂವಿನವಳು ಹಲ್ಲಲ್ಲಿ ದಾರ ಕಚ್ಚಿಕೊಂಡು ಹಾಕುವಳು, ರತ್ನಗಂಬಳಿಯವನು ನಿದ್ದೆಯಲ್ಲೇ ಹಾಕುವನು. ಇದಕ್ಕೆ 'ನಡೆದಾಡುವ ಸಭೆ' ಎಂದು ಹೆಸರು. ಎಲ್ಲರ ಸಹಿ ಮುಗಿದ ಮೇಲೆ ಕೊನೆಗೆ ಅಧ್ಯಕ್ಷೆಯ ಸಹಿ ಮತ್ತು ಮೊಹರು. ಅದು ಬಿದ್ದರೆ ನಿಯಮ ಜಾರಿ.

ಗುಂಡಿಯಕ್ಕನೂ ಮೊದಮೊದಲು ಎಲ್ಲರ ಹಾಗೆಯೇ. ಬಲ್ಬು ಬದಲಾಯಿಸುವ ತೀರ್ಮಾನ, ಹ್ಞೂಂ, ಮೊಹರು. ಪಾರಿವಾಳಕ್ಕೆ ಬಲೆ ಕಟ್ಟುವ ತೀರ್ಮಾನ, ಹ್ಞೂಂ, ಮೊಹರು. ಆ ದಿನವೂ ಹಾಗೇ ಆಗುತ್ತಿತ್ತು. ಆದರೆ ಪ್ಯಾಡು ಒಣಗಿತ್ತು.

ಸ್ಟೂಲಿನ ಮೇಲೆ ಒಬ್ಬ ಧಡೂತಿ ಗಿರಾಕಿ ಹೊಸ ಪ್ಯಾಂಟು ಹಾಕಿ ನಿಂತಿದ್ದ. ಗುಂಡಿಯಕ್ಕ ಪ್ಯಾಡಿಗೆ ಎರಡು ಹನಿ ನೀರು ಚಿಮುಕಿಸಿ, ಅಜ್ಜ ಹೇಳಿದಂತೆ ಕಾದಳು. ಕಾಯುವಾಗ ಕಣ್ಣು ಸುಮ್ಮನಿರಬೇಕಲ್ಲ, ಕಾಗದದ ಮೇಲೆ ಹೋಯಿತು.

'ಹಿಂದಿನ ಸಾಲಿನ ಮೂಲೆಯ ಸಾಣೆ ಅಂಗಡಿಯಿಂದ ಸದ್ದು, ಕಿಡಿ ಹಾಗೂ ಸಾರ್ವಜನಿಕರಿಗೆ ಕಿರಿಕಿರಿ ಉಂಟಾಗುತ್ತಿರುವುದರಿಂದ ಸದರಿ ಅಂಗಡಿಯನ್ನು ತಿಂಗಳ ಕೊನೆಯೊಳಗೆ ತೆರವುಗೊಳಿಸಲು ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿದೆ.'

ಅವಳು ಒಂದೊಂದೇ ಗುಂಡುಸೂಜಿಯನ್ನು ತುಟಿಯಿಂದ ಕಿತ್ತು ಮಣಿಕಟ್ಟಿನ ದಿಂಬಿಗೆ ಚುಚ್ಚಿದಳು. ಕೊನೆಯದನ್ನು ಚುಚ್ಚಿದ ಮೇಲೆ ಬಾಯಿ ತೆರೆದಳು.

"ಸಭೆ ಯಾವಾಗ ನಡೀತು?"

ಕಾರ್ಯದರ್ಶಿ ಹೌಹಾರಿದ. ಅವಳ ದನಿ ಇಷ್ಟು ದಪ್ಪ ಎಂದು ಅವನಿಗೆ ಗೊತ್ತಿರಲಿಲ್ಲ. "ನಿನ್ನೆ ಅಕ್ಕ."

"ಎಲ್ಲಿ?"

"ಎಲ್ಲಾ ಕಡೆ."

"ಸಾಣೆಯಣ್ಣನ್ನ ಕರೆಸಿ ಕೇಳಿದ್ರಾ?"

"ಅವನಿಗೆ ಕಿವಿ ಕೇಳಿಸಲ್ಲವಲ್ಲಕ್ಕಾ, ಕರೆದು ಏನು ಉಪಯೋಗ? ನೀವು ಒಂದು ಸೈನ್ ಹಾಕಿಬಿಡಿ. ಅಧ್ಯಕ್ಷರು ಸಮಿತಿ ಸಲಹೆ ಪ್ರಕಾರ ನಡೀಬೇಕು ಅಂತ ನಿಯಮಾವಳೀಲಿ ಇದೆ. ನಾನು ಹೇಳಿದ್ದಲ್ಲ, ಅಚ್ಚಾಗಿದೆ."

"ಇರಲಿ, ಓದಿ ಕೊಡ್ತೀನಿ."

"ಓದಿದ್ರಲ್ಲ ಈಗ!"

"ಇದನ್ನಲ್ಲ, ನಿಯಮಾವಳೀನ."

ಸ್ಟೂಲಿನ ಮೇಲಿದ್ದ ಗಿರಾಕಿ, "ನಾನು ಇಳೀಬಹುದಾ?" ಎಂದ. ಇಬ್ಬರೂ ಒಟ್ಟಿಗೆ "ನಿಂತ್ಕೊಳ್ಳಿ" ಎಂದರು.

ಸಾಣೆಯಣ್ಣ ಮಾರುಕಟ್ಟೆಗೆ ಮಾಡು ಬರುವ ಮುಂಚಿನವನು. ಕಾಲಲ್ಲಿ ತುಳಿಯುವ ಅವನ ಕಲ್ಲಿನ ಚಕ್ರವನ್ನು ನೆಲಕ್ಕೆ ಗಾರೆ ಹಾಕಿ ಕೂರಿಸಿದ್ದಾರೆ. ಕಿತ್ತರೆ ಒಡೆಯುತ್ತದೆ. ಒಡೆಯದಿದ್ದರೂ, ಕಿಡಿ ಹಾರುತ್ತದೆಂದು ಬೀದಿಯಲ್ಲಿ ಸಾಣೆ ಹಿಡಿಯಲು ನಗರಸಭೆ ಬಿಡುವುದಿಲ್ಲ. ಆಯುಷ್ಯವಿಡೀ ಆ ಸದ್ದಿನ ಪಕ್ಕದಲ್ಲಿ ಕೂತು ಅವನ ಕಿವಿ ಮಂದವಾಗಿತ್ತು. ಚಕ್ರದ ಸದ್ದಿನ ಬಗ್ಗೆ ದೂರಿಲ್ಲದ ಒಬ್ಬನೇ ಮನುಷ್ಯ ಅವನು. ಆ ಮೂಲೆ ಖಾಲಿಯಾದರೆ ಅಲ್ಲಿಗೆ ಬರುವವನು ಕಾರ್ಯದರ್ಶಿಯ ಬಾಮೈದ, ಮೊಬೈಲಿನ ಕವಚ ಮಾರಲು. ಇದನ್ನು ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ಸಂಜೆ ಅತ್ತೆ ಮೊರದಲ್ಲಿ ಬಟಾಣಿ ಬಿಡಿಸುತ್ತ ಎಲ್ಲ ಕೇಳಿಸಿಕೊಂಡರು.

"ನಾನು ಸಹಿ ಹಾಕಲ್ಲ ಅತ್ತೆ" ಎಂದಳು ಸೊಸೆ. "ಮಹಾದಂಡನಾಯಕಿ ಅಂತ ಬರೆದಿದ್ದಾರೆ. ಹಾಕಲ್ಲ ಅಂದ್ರೆ ಹಾಕಲ್ಲ."

"ನೀನೇನು ಮಹಾರಾಣೀನಾ? ಬರೆದಿರೋದು ಬೇರೆ, ಇರೋದು ಬೇರೆ. ದೇಶದಲ್ಲೂ ಹಾಗೇನೆ. ಯುದ್ಧ, ಶಾಂತಿ, ನೇಮಕ, ಕ್ಷಮಾದಾನ, ಎಲ್ಲಾ ರಾಷ್ಟ್ರಪತಿಗಳ ಹೆಸರಲ್ಲೇ ನಡೆಯೋದು. ನಡೆಸೋರು ಪ್ರಧಾನಿ, ಮಂತ್ರಿಗಳು. ಅವರನ್ನ ಆರಿಸಿದೋರಿಗೆ ಅವರು ಉತ್ತರ ಹೇಳಬೇಕು. ಉತ್ತರ ಹೇಳಬೇಕಾದೋರ ಕೈಲೇ ಸ್ಟೀರಿಂಗ್ ಇರಬೇಕಲ್ಲವಾ? ನಿನ್ನ ಗಂಡನ ಲಾರೀನೇ ತಗೋ. ಮುಂದುಗಡೆ ಮಾಲೀಕರ ಹೆಸರು ದೊಡ್ಡದಾಗಿ ಬರೆದಿದೆ. ತಿರುಗಿಸೋನು ನನ್ನ ಮಗ."

"ಹಾಗಾದ್ರೆ ನನ್ನ ಕೈಲಿ ಬ್ರೇಕೂ ಇಲ್ವಾ?"

"ಇಲ್ಲ. ಹಾರ್ನ್ ಇದೆ."

ಸೊಸೆಗೆ ನಗು ಬಂತು, ಸಿಟ್ಟೂ ಬಂತು. ಅತ್ತೆ ಬಟಾಣಿ ಬಿಟ್ಟು ಬೆರಳೆತ್ತಿದರು. ಕ್ಲಾಸು ಶುರುವಾಯಿತು.

"ಕೇಳು. ಏನು ತೀರ್ಮಾನ ಆಯ್ತು, ಯಾಕಾಯ್ತು ಅಂತ ನೀನು ಕೇಳಿದ್ರೆ ಅವನು ಹೇಳಲೇಬೇಕು. ಅದು ನಿನ್ನ ಹಕ್ಕು. ಒಬ್ಬನೇ ಮಾಡಿದ ತೀರ್ಮಾನ ಆಗಿದ್ರೆ, ಇದನ್ನ ಎಲ್ಲಾರ ಮುಂದೆ ಇಡು ಅಂತ ಹೇಳಬಹುದು. ಸಲಹೆ ಸರಿ ಇಲ್ಲ ಅನ್ನಿಸಿದ್ರೆ, ಇನ್ನೊಂದ್ಸಲ ಯೋಚನೆ ಮಾಡಿ ಅಂತ ವಾಪಸ್ ಕಳಿಸಬಹುದು. ಒಂದೇ ಸಲ. ಅವರು ಯೋಚನೆ ಮಾಡಿ ಮತ್ತೆ ಅದನ್ನೇ ಕಳಿಸಿದ್ರೆ, ತುಟಿ ಪಿಟಕ್ ಅನ್ನದೆ ಸಹಿ."

"ಅದೇನು ಅಧಿಕಾರ ಅತ್ತೆ, ಒಂದ್ಸಲ ಗೊಣಗಿ ಸುಮ್ಮನಾಗೋದು!"

"ಸರಿಯಾದ ಹೊತ್ತಲ್ಲಿ ಒಂದು ಹಾರ್ನ್ ಹೊಡೆದು ನೋಡು, ಇಡೀ ರಸ್ತೆ ತಿರುಗಿ ನೋಡುತ್ತೆ." ಅತ್ತೆ ಮತ್ತೆ ಬಟಾಣಿಗೆ ಕೈ ಹಾಕಿದರು. ಆಮೇಲೆ ಸಣ್ಣ ದನಿಯಲ್ಲಿ, "ಇನ್ನೊಂದು ದಾರೀನೂ ಇದೆ. ಎಷ್ಟು ದಿನದಲ್ಲಿ ಸಹಿ ಹಾಕಬೇಕು ಅಂತ ನಿಯಮಾವಳೀಲಿ ಬರೆದಿಲ್ಲ. ಕಾಗದದ ಮೇಲೆ ಕೂತುಬಿಡು, ಮರಿ ಆಗೋವರೆಗೂ. ಯಾರೂ ಏನೂ ಮಾಡೋಕಾಗಲ್ಲ."

ಸೊಸೆಯ ಕಣ್ಣು ಮಿಂಚಿತು. ಅತ್ತೆಗೆ ಅದು ಹಿಡಿಸಲಿಲ್ಲ. "ಆದ್ರೆ ಅದು ಕಳ್ಳದಾರಿ" ಎಂದು ಸೇರಿಸಿದರು.

ಕಳ್ಳದಾರಿ ಹಿಡಿಯುವ ಮನಸ್ಸು ಗುಂಡಿಯಕ್ಕನಿಗೆ ಇರಲಿಲ್ಲ ಎನ್ನುವಂತಿಲ್ಲ. ಮರುದಿನ ಕಾಗದವನ್ನು ಮಡಚಿ ಬಟ್ಟೆ ಚೂರಿನ ಚೀಲದ ತಳಕ್ಕೆ ತುರುಕಿದಳು. ಆಮೇಲೆ ಹಿಂದಿನ ಸಾಲಿಗೆ ಹೋದಳು. ಸಾಣೆಯಣ್ಣನಿಗೆ ವಿಷಯ ತಿಳಿಸಬೇಕಿತ್ತು, ಗುಟ್ಟಾಗಿ. ಕಿವಿ ಮಂದವಾದವನಿಗೆ ಗುಟ್ಟು ಹೇಳಲು ಹೊರಟದ್ದು ಅವಳ ತಪ್ಪು.

"ನಿಮ್ಮನ್ನ ಯಾರಾದ್ರೂ ಬಂದು ಕೇಳಿದ್ರಾ?"

"ಹಾ?"

"ನಿಮ್ಮನ್ನ ಇಲ್ಲಿಂದ ಎಬ್ಬಿಸ್ತಾರಂತೆ! ಯಾರಾದ್ರೂ ಕೇಳಿದ್ರಾ ಅಂದೆ!"

ಹೂವಿನವಳ ಕೈ ನಿಂತಿತು. ಮಾಂಸದಂಗಡಿಯವನ ಕತ್ತಿ ಗಾಳಿಯಲ್ಲೇ ನಿಂತಿತು. ಮಾಡಿನ ಪಾರಿವಾಳಗಳು ಎದ್ದು ಒಂದು ಸುತ್ತು ಹಾರಿದವು. ಕೇಳಿಸಿಕೊಳ್ಳದೆ ಉಳಿದವನು ಯಾರಿಗೆ ಹೇಳಿದ್ದೋ ಅವನೊಬ್ಬನೇ. ಅವನಿಗಾಗಿ ಇನ್ನೊಮ್ಮೆ ಕೂಗಬೇಕಾಯಿತು.

ಸಾಣೆಯಣ್ಣ ಚಕ್ರದಿಂದ ಕಾಲು ತೆಗೆದ. ತಿರುಗುತ್ತಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟ, ಓಡುತ್ತಿದ್ದ ಮಗುವಿನ ತಲೆ ಹಿಡಿದು ನಿಲ್ಲಿಸುವವರ ಹಾಗೆ. ಕಲ್ಲು ನಿಂತಿತು.

"ಇದನ್ನ ಬಿಟ್ಟು ನನಗೆ ಇನ್ನೇನೂ ಬರಲ್ಲವಲ್ಲ ತಾಯಿ" ಎಂದ. ಆಮೇಲೆ ಏನೋ ನೆನಪಾದವನಂತೆ, "ನಿನ್ನ ಕತ್ತರಿ ಕೊಡು, ವಾರ ಆಯ್ತಲ್ಲ" ಎಂದು ಕೈ ಚಾಚಿದ.

ಗುಂಡಿಯಕ್ಕನ ದೊಡ್ಡ ಕತ್ತರಿ ವಾರಕ್ಕೊಮ್ಮೆ ಸಾಣೆ ಕಾಣದಿದ್ದರೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಅವಳು ಕತ್ತರಿ ತಂದೂ ಇದ್ದಳು. ಆದರೆ ಕೊಡಲು ಹೋದ ಕೈ ಹಿಂದೆ ಬಂತು. ಇವನ ವಿಷಯ ನನ್ನ ಮುಂದಿದೆ, ಇವನಿಂದಲೇ ಕತ್ತರಿ ಹರಿತ ಮಾಡಿಸಿಕೊಂಡು ಇವನ ಪರ ಮಾತಾಡಿದರೆ ನಾಳೆ ಬಾಯಿಗೆ ಬಂದಂತೆ ಅಂದಾರು. "ಇದೆಲ್ಲ ಮುಗೀಲಿ, ಆಮೇಲೆ!" ಎಂದು ಕೂಗಿ ಬಂದುಬಿಟ್ಟಳು.

ಅವಳ ಊಹೆ ಸುಳ್ಳಾಗಲಿಲ್ಲ. ಅದೇ ಮಧ್ಯಾಹ್ನ ಕಾರ್ಯದರ್ಶಿ ಬಂದ.

"ಏನಕ್ಕಾ, ನಿಮ್ಮ ಕತ್ತರಿಗೆ ಸಾಣೆ ಹಿಡಿಯೋನು ಅಂತ ಇಷ್ಟು ಕಾಳಜಿನಾ?"

ಅವಳು ಕತ್ತರಿಯನ್ನೂ ಒಂದು ಚೂರು ಬಟ್ಟೆಯನ್ನೂ ಅವನ ಕೈಗಿಟ್ಟಳು. ಅವನು ಕತ್ತರಿಸಲು ನೋಡಿದ. ಬಟ್ಟೆ ಕತ್ತರಿಯ ಎರಡು ಅಲಗಿನ ನಡುವೆ ಮಡಚಿಕೊಂಡು ಸಿಕ್ಕಿಬಿತ್ತು.

"ಮುಗಿಯೋವರೆಗೂ ಹಿಡಿಸಲ್ಲ" ಎಂದಳು. "ಈಗ ಹೇಳಿ, ದೂರು ಕೊಟ್ಟವರು ಯಾರು? ಅಧ್ಯಕ್ಷರು ಕೇಳಿದ್ರೆ ಹೇಳಬೇಕು. ಅದೂ ಅಚ್ಚಾಗಿದೆ."

"ಕನ್ನಡಕದಂಗಡಿಯವಳು. ಬಾಯಿಮಾತಲ್ಲಿ ಹೇಳಿದ್ಳು." ಅವನು ಬಟ್ಟೆಯನ್ನು ಕತ್ತರಿಯಿಂದ ಬಿಡಿಸಿಕೊಳ್ಳುತ್ತ ದನಿ ಇಳಿಸಿದ. "ಅಕ್ಕಾ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ನಿಮ್ಮ ಅಂಗಡಿ ಕರಾರು ನವೀಕರಣ ಮುಂದಿನ ತಿಂಗಳು ಸಮಿತಿಗೆ ಬರುತ್ತೆ. ಎಲ್ಲಾರೂ ಒಂದಾಗಿದ್ರೆ ಚೆನ್ನ."

ಅವನು ಹೋದ ಮೇಲೆ ಅವಳು ಕತ್ತರಿ ಕೆಳಗಿಟ್ಟಳು. ಮೊಣಕೈ ಚಾಚಿ ಎರಡೂ ಗೋಡೆ ಮುಟ್ಟಿ ನೋಡಿದಳು. ಇಷ್ಟೇ ಇಷ್ಟು ಜಾಗ. ಇದೂ ಹೋದರೆ ಯಂತ್ರ ಮತ್ತೆ ಮಂಚದ ಕೆಳಗೆ. ಆ ಹೊತ್ತಿನಲ್ಲಿ ಚೀಲದ ತಳದ ಕಾಗದ ಬಹಳ ಬೆಚ್ಚಗೆ ಕಂಡಿತು. ಸಹಿ ಹಾಕುವುದೂ ಬೇಡ, ವಾಪಸು ಕಳಿಸುವುದೂ ಬೇಡ, ಯಾರ ಕೋಪವೂ ಬೇಡ. ಮರೆತೆ ಎಂದರಾಯಿತು.

ಆದರೆ ಸಂಜೆ ಮನೆಗೆ ಹೊರಟಾಗ ಹಿಂದಿನ ಸಾಲಿನ ಮೂಲೆ ಕತ್ತಲಾಗಿತ್ತು. ತೆರವಾಗುವ ಅಂಗಡಿಗೆ ದೀಪ ಯಾಕೆಂದು ಯಾರೋ ತಂತಿ ಕಿತ್ತಿದ್ದರು. ಸಾಣೆಯಣ್ಣ ಪಕ್ಕದ ಅಂಗಡಿಯಿಂದ ಬೀಳುವ ಬೆಳಕಿನ ಅಂಚಿಗೆ ಒಂದು ಚಾಕು ಹಿಡಿದು ಅಲಗನ್ನು ನೋಡುತ್ತಿದ್ದ. ಒಬ್ಬ ಗಿರಾಕಿ ಬಂದು, "ನೀವು ಹೋಗ್ತೀರಂತೆ, ನನ್ನ ಚಾಕು ಕೊಟ್ಟುಬಿಡಿ" ಎಂದು ಸಾಣೆ ಹಿಡಿಯದ ಚಾಕುವನ್ನೇ ತೆಗೆದುಕೊಂಡು ಹೋದ. ಗುಂಡಿಯಕ್ಕ ನಿಂತು ನೋಡಿದಳು. ತಾನು ಕಾಗದದ ಮೇಲೆ ಕೂತರೆ ಮರಿಯಾಗುವುದು ಇದೇ. ಎಬ್ಬಿಸದೆಯೇ ಅವನು ಎದ್ದುಹೋಗುತ್ತಾನೆ.

ಅವಳು ತಿರುಗಿ ಅಂಗಡಿಗೆ ಬಂದಳು. ಚೀಲದಿಂದ ಕಾಗದ ತೆಗೆದು, ಮಂಡಿಯ ಮೇಲೆ ಇಟ್ಟು ನೀವಿ, ಕೆಳಗಿನ ಅಂಚಿನಲ್ಲಿ ಬರೆದಳು. 'ಈ ತೀರ್ಮಾನವನ್ನು ಸಮಿತಿ ಒಟ್ಟಿಗೆ ಕೂತು ಇನ್ನೊಮ್ಮೆ ಯೋಚಿಸಬೇಕು. ಸಾಣೆಯವರನ್ನು ಕರೆದು ಕೇಳಬೇಕು. ಆಮೇಲೂ ಇದನ್ನೇ ಕಳಿಸಿದರೆ ಸಹಿ ಹಾಕುತ್ತೇನೆ.' ಕೊನೆಯ ವಾಕ್ಯ ಬರೆಯುವಾಗ ಕೈ ತಡೆಯಿತು. ಆದರೂ ಬರೆದಳು. 'ಕೂತು' ಎಂಬುದರ ಕೆಳಗೆ ಗೆರೆ ಎಳೆದಳು. ಪ್ಯಾಡಿಗೆ ನೀರು ಹಾಕಿ, ಕಾದು, ಮೊಹರು ಒತ್ತಿದಳು. ವಾಚ್‌ಮನ್ ತಾತನನ್ನು ಕರೆದಳು.

"ಇದನ್ನ ದೀಪದಂಗಡಿಗೆ ಕೊಡಿ ತಾತ. ದಾರೀಲಿ ಯಾರಾದ್ರೂ ಏನು ಅಂತ ಕೇಳಿದ್ರೆ ಓದಿ ಹೇಳಿ."

"ನನಗೆ ಓದೋಕೆ ಕನ್ನಡಕ ಬೇಕಲ್ಲಮ್ಮಾ."

"ಹಾಗಾದ್ರೆ ಅವರ ಹತ್ರಾನೇ ಓದಿಸಿ. ಇನ್ನೂ ಒಳ್ಳೇದು."

ಮೂರೂ ಸೇನೆಗಳ ಮಹಾದಂಡನಾಯಕಿ ಹೊರಡಿಸಿದ ಮೊದಲ ಆಜ್ಞೆ ಇದು. ಸೇನೆ ಕುಂಟುತ್ತ ಹೊರಟಿತು. ದೀಪದಂಗಡಿ ತಲುಪುವಷ್ಟರಲ್ಲಿ ನಾಲ್ಕೂ ಸಾಲು ಅದನ್ನು ಓದಿಯಾಗಿತ್ತು.

ಕಾರ್ಯದರ್ಶಿ ಸೋಲೊಪ್ಪುವವನಲ್ಲ. ಮರುದಿನ ಟೀ ಆದ ಮೇಲೆ ಅದೇ ತೀರ್ಮಾನದ ಹೊಸ ಪ್ರತಿ ರಟ್ಟಿಗೆ ಸಿಕ್ಕಿಸಿ ಎಂದಿನಂತೆ ನಡಿಗೆಗೆ ಹೊರಟ. ಮೊದಲ ಅಂಗಡಿ ಹೂವಿನವಳದು.

"ಕೂತು ಅಂತ ಬರೆದಿದ್ರಲ್ಲ?" ಎಂದಳು ಅವಳು, ಹಲ್ಲಿನಿಂದ ದಾರ ತೆಗೆದು.

"ನೀನು ಕೂತೇ ಇದ್ದೀಯಲ್ಲಮ್ಮ."

"ನಾನು ಕೂತಿದ್ದೀನಿ, ನೀವು ನಿಂತಿದ್ದೀರಿ. ಒಟ್ಟಿಗೆ ಹೇಗಾಯ್ತು?"

ಮಾಂಸದಂಗಡಿಯವನೂ ಏಪ್ರನ್ನಿಗೆ ಕೈ ಒರೆಸಲಿಲ್ಲ. "ಸಂಜೆ ಬಾಗಿಲು ಹಾಕಿ ಬರ್ತೀನಿ. ಎಲ್ಲಿ ಕೂರೋದು ಹೇಳಿ" ಎಂದ. ಹೀಗೆ ಸಂಘದ ಚರಿತ್ರೆಯಲ್ಲಿ ಮೊದಲ ಬಾರಿಗೆ ಸಮಿತಿ ಕೂರಬೇಕಾಯಿತು. ಕೂರಲು ಕುರ್ಚಿಗಳಿಲ್ಲ. ರತ್ನಗಂಬಳಿಯವನ ಅಂಗಡಿಯಲ್ಲಿ ಸುರುಳಿ ಸುತ್ತಿಟ್ಟ ಕಂಬಳಿಗಳ ಮೇಲೆ ಎಲ್ಲರೂ ಕುದುರೆ ಹತ್ತಿದವರಂತೆ ಕೂತರು.

ಅಧ್ಯಕ್ಷೆಗೆ ಅಲ್ಲಿ ಜಾಗವಿಲ್ಲ. ಸಮಿತಿಯ ಚರ್ಚೆಯಲ್ಲಿ ಅಧ್ಯಕ್ಷರು ಕೂರುವಂತಿಲ್ಲ, ಮತ ಹಾಕುವಂತಿಲ್ಲ ಎಂದು ಅತ್ತೆ ಮೊದಲೇ ಎಚ್ಚರಿಸಿದ್ದರು. "ಒಳಗೆ ಮೂಗು ತೂರಿಸಿದ್ಯೋ, ಬೆಂಚಿನ ಮೇಲೆ ನಿಲ್ಲಿಸ್ತೀನಿ." ಗುಂಡಿಯಕ್ಕ ತನ್ನ ಸ್ಟೂಲನ್ನು ಹೊರಗಿನ ಓಣಿಯಲ್ಲಿ ಹಾಕಿ, ಮಡಿಲಲ್ಲಿ ಯಾರದೋ ಕೋಟು ಇಟ್ಟುಕೊಂಡು, ಮೊಂಡು ಕತ್ತರಿಯಲ್ಲಿ ಹಳೇ ಹೊಲಿಗೆ ಬಿಚ್ಚುತ್ತ ಕೂತಳು. ಬಾಯಿಗೆ ಗುಂಡುಸೂಜಿ ಇಟ್ಟುಕೊಂಡಳು, ಅಗತ್ಯವಿಲ್ಲದಿದ್ದರೂ. ಇಲ್ಲದಿದ್ದರೆ ಸುಮ್ಮನಿರಲು ಆಗುತ್ತಿರಲಿಲ್ಲ.

ಪರದೆಯ ಆಚೆಯಿಂದ ಮಾತುಗಳು ತೇಲಿಬಂದವು.

"ಇದಕ್ಕೆ ನಾನು ಸೈನ್ ಹಾಕಿದ್ನಾ?" ಮಾಂಸದಂಗಡಿಯವನ ದನಿ.

"ನಿನ್ನದೇ ಸೈನು. ರಕ್ತದ ಕಲೇನೂ ಇದೆ ನೋಡು."

"ಅಯ್ಯೋ, ನಾನು ಪಾರಿವಾಳದ ವಿಷಯ ಅಂದ್ಕೊಂಡೆ! ಅವನನ್ನ ಎಬ್ಬಿಸಿದ್ರೆ ನನ್ನ ಕತ್ತಿ ಯಾರು ಹಿಡೀತಾರೆ? ನಾನೇನು ಬಾಯಲ್ಲಿ ಕಚ್ಚಿ ಕುಯ್ಯಲಾ?"

"ನಿನ್ನ ಕತ್ತಿಗೋಸ್ಕರ ಎಲ್ಲಾರ ತಲೆ ಹೋಳಾಗಬೇಕಾ?" ಇದು ಕನ್ನಡಕದಂಗಡಿಯವಳು, ಸಮಿತಿಯ ಸದಸ್ಯೆ, ಸಾಣೆಯಣ್ಣನ ಪಕ್ಕದ ಅಂಗಡಿ. "ನಾನು ಅವನನ್ನ ಎಬ್ಬಿಸಿ ಅಂತ ಹೇಳೇ ಇಲ್ಲ. ಸದ್ದು ಜಾಸ್ತಿ ಅಂದೆ. ಮಧ್ಯಾಹ್ನದ ಮೇಲೆ ನನಗೆ ತಲೆ ಸಿಡಿಯುತ್ತೆ. ಈ ಅಕ್ಷರ ಓದಿ ಅಂದ್ರೆ ಗಿರಾಕಿಗಳು ಏನಂದ್ರಿ ಅಂತ ಕೇಳ್ತಾರೆ. ಕಣ್ಣು ಪರೀಕ್ಷೆ ಹೋಗಿ ಕಿವಿ ಪರೀಕ್ಷೆ ಆಗಿದೆ."

ಹೊರಗೆ ಗುಂಡಿಯಕ್ಕನ ಕೈ ನಿಂತಿತು. ದೂರು ಸುಳ್ಳೆಂದೇ ಅವಳು ಅಂದುಕೊಂಡಿದ್ದಳು. ಸುಳ್ಳಲ್ಲ.

ಸಾಣೆಯಣ್ಣನನ್ನು ಕರೆದರು. ಅವನಿಗೆ ಎಂಟು ಜನ ಸರದಿಯಲ್ಲಿ ಕೂಗಿ ವಿಷಯ ತಿಳಿಸಿದರು. ಅವನು ಕನ್ನಡಕದವಳ ಕಡೆ ತಿರುಗಿ, "ಇಷ್ಟು ವರ್ಷ ಯಾಕಮ್ಮಾ ಹೇಳಲಿಲ್ಲ?" ಎಂದ. "ಹೇಳಿದ್ದೆ ಅಣ್ಣಾ. ದಿನಾ ಹೇಳ್ತಿದ್ದೆ" ಎಂದಳು ಅವಳು. ಯಾರೋ ನಕ್ಕರು. ಆಮೇಲೆ ಹೂವಿನವಳು ಮೆಲ್ಲಗೆ, "ಅದಿರಲಿ, ಆ ಮೂಲೆಗೆ ಆಮೇಲೆ ಯಾರು ಬರ್ತಾರಂತೆ?" ಎಂದು ಕೇಳಿದಳು. ನಗು ನಿಂತಿತು. ಕಾರ್ಯದರ್ಶಿಯ ಕೆಮ್ಮು ಮಾತ್ರ ಕೇಳಿಸಿತು. ನಡೆದಾಡುವ ಸಭೆಯಲ್ಲಿ ಒಬ್ಬೊಬ್ಬರ ಮುಂದೆ ಕೆಮ್ಮಿ ಮುಂದೆ ಹೋಗಬಹುದು. ಎಲ್ಲರೂ ಕೂತಿರುವಾಗ ಎಲ್ಲಿಗೆ ಹೋಗುವುದು?

ಕೊನೆಗೆ ಪರದೆ ಸರಿಸಿ ಅವನು ಹೊರಬಂದ. ಮುಖದ ತೇಜಸ್ಸು ಸ್ವಲ್ಪ ಕಡಿಮೆ ವೋಲ್ಟೇಜಿನಲ್ಲಿತ್ತು. ರಟ್ಟನ್ನು ಅವಳ ಮುಂದೆ ಹಿಡಿದ.

"ತಿದ್ದಿದೀವಿ. ಅಂಗಡಿ ಅಲ್ಲೇ ಇರುತ್ತೆ. ತಂತಿ ನಾಳೇನೇ ಹಾಕಿಸ್ತೀವಿ. ಆದ್ರೆ ಮಧ್ಯಾಹ್ನದ ಸೀಟಿ ಊದಿದ ಮೇಲೆ ಚಕ್ರ ತಿರುಗಿಸೋ ಹಾಗಿಲ್ಲ."

ಗುಂಡಿಯಕ್ಕ ಸೂಜಿಗಳನ್ನು ತೆಗೆದಳು. "ಅರ್ಧ ದಿನಾನಾ? ಅವರ ಕೆಲಸ ಅರ್ಧ ಆಗುತ್ತಲ್ಲ! ಸಂಜೆವರೆಗೂ ಬಿಡಬಹುದಿತ್ತು."

"ಬಿಡಬಹುದಿತ್ತು" ಎಂದ ಅವನು. ಈಗ ಅವನ ದನಿಗೆ ಕರೆಂಟು ಮರಳಿತ್ತು. "ಆದ್ರೆ ಇದು ಕೂತು ಮಾಡಿದ ತೀರ್ಮಾನ ಅಕ್ಕ. ಅವನೂ ಒಪ್ಪಿದಾನೆ. ನೀವೇ ಬರೆದಿದ್ರಲ್ಲ, ಆಮೇಲೆ ಸಹಿ ಹಾಕ್ತೀನಿ ಅಂತ. ಅಚ್ಚಾಗಿಲ್ಲ, ಆದ್ರೆ ಮೊಹರಿದೆ."

ಅವಳು ಅವನನ್ನು ನೋಡಿದಳು. ಪರದೆಯ ಸಂದಿಯಲ್ಲಿ ಕಂಬಳಿಯ ಮೇಲೆ ಕೂತ ಎಂಟು ಮುಖಗಳೂ ತನ್ನತ್ತ ತಿರುಗಿರುವುದನ್ನು ನೋಡಿದಳು. ವಾದಿಸಲು ಮಾತು ನಾಲಿಗೆಯ ತುದಿಗೆ ಬಂದಿತ್ತು, ಸೂಜಿಯಿದ್ದ ಜಾಗಕ್ಕೇ. ಅದನ್ನು ನುಂಗಿದಳು. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಡಬ್ಬಿ ತೆರೆದು, ಪ್ಯಾಡಿಗೆ ಎರಡು ಹನಿ ನೀರು ಹಾಕಿ, ಕಾದಳು. ಸಹಿ ಹಾಕಿ ಮೊಹರು ಒತ್ತಿದಳು.

"ಒಂದು ಮಾತು ಕೇಳ್ಲಾ ಅಕ್ಕ?" ಎಂದ ಕಾರ್ಯದರ್ಶಿ, ಕಾಗದದ ಮೇಲೆ ಉಫ್ ಉಫ್ ಎಂದು ಊದುತ್ತ. "ಎಬ್ಬಿಸಲೇಬೇಕು ಅಂತ ಎಲ್ಲಾರೂ ಕೂತು ಬರೆದಿದ್ರೆ? ಹಾಕ್ತಿದ್ರಾ?"

"ಹಾಕ್ತಿದ್ದೆ."

"ನಿಜವಾಗ್ಲೂ?"

"ಹಾಕಿ, ಬಾಗಿಲು ಮುಚ್ಚಿಕೊಂಡು ಅಳ್ತಿದ್ದೆ. ಮಾರನೇ ದಿನ ನಿಮ್ಮೆದುರು ಚುನಾವಣೆಗೆ ನಿಲ್ತಿದ್ದೆ." ಅವಳು ಡಬ್ಬಿ ಮುಚ್ಚಿದಳು. "ನನ್ನ ಕರಾರು ಮುಂದಿನ ತಿಂಗಳು ಬರುತ್ತಲ್ಲ, ಬರಲಿ. ಅದನ್ನೂ ಕೂತೇ ಮಾಡಿ."

ಮರುದಿನ ಬೆಳಿಗ್ಗೆಯಿಂದ ಅವಳಿಗೆ ಪುರುಸೊತ್ತಿಲ್ಲ. ಮೊಂಡು ಕತ್ತರಿಯಿಂದಾಗಿ ಹಿಂದೆ ಬಿದ್ದ ಕೆಲಸವೆಲ್ಲ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು. ಧಡೂತಿ ಗಿರಾಕಿ ಬಂದು ಪ್ಯಾಂಟಿಗಾಗಿ ಸ್ಟೂಲಿನ ಮೇಲೆ ತಾನಾಗಿಯೇ ಹತ್ತಿ ನಿಂತ. ಅವನನ್ನು ಸಾಗಹಾಕಿ, ಕತ್ತರಿ ಹಿಡಿದು ಹಿಂದಿನ ಸಾಲಿಗೆ ಓಡುವಾಗ ಅರ್ಧ ದಾರಿಯಲ್ಲಿ ವಾಚ್‌ಮನ್ ತಾತನ ಸೀಟಿ ಕೇಳಿಸಿತು. ಹೊಸ ಹುರುಪಿನಿಂದ ಊದಿದ್ದ, ಪಾರಿವಾಳಗಳೆಲ್ಲ ಎದ್ದವು.

ಮೂಲೆಯಲ್ಲಿ ದೀಪ ಉರಿಯುತ್ತಿತ್ತು. ಚಕ್ರ ಇನ್ನೂ ಕೊನೆಯ ಸುತ್ತು ತಿರುಗುತ್ತಿತ್ತು. ಸೀಟಿ ಕೇಳಿಸದ ಸಾಣೆಯಣ್ಣನಿಗೆ ಕನ್ನಡಕದವಳು ಕೈ ಬೀಸಿ ತೋರಿಸಿದ್ದಳು. ಅವನು ಕಲ್ಲಿನ ಮೇಲೆ ಅಂಗೈ ಇಟ್ಟು ನಿಲ್ಲಿಸುತ್ತಿದ್ದ. ಗುಂಡಿಯಕ್ಕನನ್ನು ಕಂಡು ಮುಖ ಅರಳಿತು.

"ಬಾ ತಾಯಿ, ಕೊಡು, ಕೊಡು! ನಿನಗೆಂಥಾ ಸೀಟಿ! ಎರಡು ನಿಮಿಷದ ಕೆಲಸ" ಎಂದು ಕಾಲನ್ನು ಮತ್ತೆ ತುಳಿಯುವ ಹಲಗೆಯ ಮೇಲಿಟ್ಟ.

ಕನ್ನಡಕದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೂ ತಪ್ಪಿರಲಿಲ್ಲ.

ಗುಂಡಿಯಕ್ಕ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದಳು.

"ಬೇಡ ಅಣ್ಣಾ! ನಾಳೆ ಬೆಳಿಗ್ಗೆ ಬರ್ತೀನಿ!"

"ಹಾ?"

"ನಾಳೆ! ನಾನೇ ಸಹಿ ಹಾಕಿದ್ದೀನಿ!"

ಅದು ನಾಲ್ಕೂ ಸಾಲಿಗೆ ಕೇಳಿಸಿತು. ಅವಳು ತಿರುಗಿ ತನ್ನ ಅಂಗಡಿಗೆ ಬಂದು, ಬಾಯಿಗೆ ಗುಂಡುಸೂಜಿ ಇಟ್ಟು, ಸಂಜೆಯವರೆಗೂ ಆ ಮೊಂಡು ಕತ್ತರಿಯಲ್ಲೇ ಬಟ್ಟೆ ಅಗಿದಳು.